ಗಣಕಯಂತ್ರದ ಆಯ್ಕೆ ಮತ್ತು ಕನ್ನಡ ಅಕ್ಷರದ ಬಾಳಿಕೆ

ವಿದ್ಯಾಸಂಸ್ಥೆಗಳಿಗೆ ದಾನಿಗಳು ನೀಡುವ ಕೊಡುಗೆಯ ಸ್ವರೂಪ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಒಂದು ಕಾಲದಲ್ಲಿ ಭಕ್ತರು ಪ್ರಸಾದನಿಲಯಕ್ಕೆ ರಾಗಿ, ಭತ್ತ, ತೆಂಗಿನಕಾಯಿಗಳನ್ನು ಒಪ್ಪಿಸಿ ಧನ್ಯರಾಗುತ್ತಿದ್ದರು. ಅನಂತರ ಹಿರಿಯರ ಹೆಸರಿನಲ್ಲಿ ಕೊಠಡಿ ಕಟ್ಟಿಸುವ, ಗ್ರಂಥಾಲಯಕ್ಕೆ ಕಪಾಟು ಮಾಡಿಸಿಕೊಡುವ ರೂಢಿ ಬಂದಿತು. ಇಂದು ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ನೆಲಸಿರುವ ಹಳೆಯ ವಿದ್ಯಾರ್ಥಿಗಳು ತಾವು ಓದಿದ ಶಾಲೆಯನ್ನು ನೆನೆದಾಗ ಮೊದಲು ಕೇಳುವ ಮಾತು, ಎಷ್ಟು ಗಣಕಯಂತ್ರಗಳು ಬೇಕು ಎಂಬುದು. ಇದು ಸಂತೋಷದ ಸಂಗತಿಯೇ. ಆದರೆ ಯಂತ್ರವನ್ನು ಆರಿಸುವಾಗ ನಡೆಯುವ ಚರ್ಚೆಯನ್ನು ಗಮನಿಸಿದರೆ ಅದರಲ್ಲಿ ಒಂದು ಪ್ರಶ್ನೆ ಬಹುಮಟ್ಟಿಗೆ ಏಳುವುದೇ ಇಲ್ಲ. ಪರದೆ ಎಷ್ಟು ದೊಡ್ಡದು, ನೆನಪಿನ ಕೋಶ ಎಷ್ಟು, ವೇಗ ಎಷ್ಟು, ಬೆಲೆ ಎಷ್ಟು, ಯಾವ ಕಂಪನಿಯದು ಎಂದೆಲ್ಲ ವಿಚಾರಿಸುತ್ತಾರೆ. ಈ ಯಂತ್ರ ಕನ್ನಡದ ಅಕ್ಷರವನ್ನು ತನ್ನೊಳಗೆ ಹೇಗೆ ಇಟ್ಟುಕೊಳ್ಳುತ್ತದೆ, ಇಪ್ಪತ್ತು ವರ್ಷಗಳ ಮೇಲೆ ಅದನ್ನು ಹಾಗೆಯೇ ಹಿಂದಿರುಗಿಸುತ್ತದೆಯೇ ಎಂದು ಕೇಳುವವರು ವಿರಳ. ಕನ್ನಡ ಶಾಲೆಯೊಂದರ ಮಟ್ಟಿಗೆ ಉಳಿದೆಲ್ಲ ಪ್ರಶ್ನೆಗಳಿಗಿಂತ ಇದೇ ಮುಖ್ಯವಾದುದು. ಹಾಗೆ ಏಕೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಅಕ್ಷರದ ಬಾಳಿಕೆಯ ವಿಷಯದಲ್ಲಿ ಹಾಸನ ಸೀಮೆಯವರು ಬೇರೆಯವರಿಂದ ಪಾಠ ಹೇಳಿಸಿಕೊಳ್ಳಬೇಕಾದ ಅಗತ್ಯವಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಸುಮಾರು ಕ್ರಿ.ಶ. ೪೫೦ರದೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಡಾ. ಎಂ. ಎಚ್. ಕೃಷ್ಣ ಅವರು ೧೯೩೬ರಲ್ಲಿ ಅದನ್ನು ಲೋಕದ ಗಮನಕ್ಕೆ ತಂದಾಗ, ಹದಿನೈದು ಶತಮಾನಗಳಷ್ಟು ಹಳೆಯದಾದ ಆ ಹದಿನಾರು ಸಾಲುಗಳನ್ನು ಓದುವುದು ಸಾಧ್ಯವಾಯಿತು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವಂತೂ ಶಾಸನಗಳ ಭಂಡಾರ. ಬಿ. ಎಲ್. ರೈಸ್ ಅವರು ೧೮೮೯ರಲ್ಲಿ ಅಲ್ಲಿನ ೧೪೪ ಶಾಸನಗಳನ್ನು ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು ೧೯೨೩ರ ಆವೃತ್ತಿಯಲ್ಲಿ ಆ ಸಂಖ್ಯೆಯನ್ನು ೫೦೦ಕ್ಕೆ ಏರಿಸಿದರು. ೧೯೭೩ರ ಆವೃತ್ತಿಯಲ್ಲಿ ಅದು ೫೭೩ ಆಯಿತು. ಬಿಸಿಲು ಮಳೆಗಳಿಗೆ ಮೈಯೊಡ್ಡಿ ನಿಂತ ಆ ಬಂಡೆಗಳ ಅಕ್ಷರಗಳನ್ನು ಲಿಪಿ ಬಲ್ಲವನು ಇಂದೂ ಓದುತ್ತಾನೆ. ಅದೇ ಸೀಮೆಯ ಶಾಲೆಯೊಂದರಲ್ಲಿ ೨೦೦೩ರಲ್ಲೋ ೨೦೦೫ರಲ್ಲೋ ಗಣಕಯಂತ್ರದ ಮೇಲೆ ಬೆರಳಚ್ಚಾದ ಕನ್ನಡ ಬರಹವನ್ನು ಇಂದಿನ ಹೊಸ ಯಂತ್ರದಲ್ಲಿ ತೆರೆದು ನೋಡಿದರೆ, ಅನೇಕ ವೇಳೆ ಕಾಣುವುದು ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳೂ ಹೊರದೇಶದ ಚಿಹ್ನೆಗಳೂ ಕಲಸಿಹೋದ ಒಂದು ಅರ್ಥಹೀನ ಸಾಲು. ಕಲ್ಲಿಗೆ ಸವೆತವುಂಟು, ಓಲೆಗರಿಗೆ ಹುಳುವುಂಟು. ಇಲ್ಲಿ ಸವೆತವೂ ಇಲ್ಲ, ಹುಳುವೂ ಇಲ್ಲ, ಆದರೂ ಬರಹ ಮರೆಯಾಗಿದೆ.

ಇದಕ್ಕೆ ಕಾರಣವನ್ನು ತಿಳಿಯಲು ನಮ್ಮ ವ್ಯಾಕರಣ ಪರಂಪರೆಯೇ ಒಂದು ದಾರಿದೀಪವನ್ನು ಒದಗಿಸಿದೆ. ಅಕ್ಷರಕ್ಕೆ ಎರಡು ರೂಪಗಳುಂಟೆಂದು ಕೇಶಿರಾಜನ ಕಾಲದಿಂದಲೂ ಹೇಳುತ್ತ ಬಂದಿದ್ದಾರೆ. ಕಿವಿಗೆ ಕೇಳುವುದು ಶ್ರಾವಣ. ಕಣ್ಣಿಗೆ ಕಾಣುವುದು ಚಾಕ್ಷುಷ. ಕಕಾರವೆಂಬ ವರ್ಣ ಒಂದು; ಅದನ್ನು ಬರೆದು ತೋರಿಸುವ ಆಕಾರ ಇನ್ನೊಂದು. ಹಲ್ಮಿಡಿಯ ಕಾಲದ ಕಕಾರದ ಆಕಾರಕ್ಕೂ ಇಂದಿನ ಮುದ್ರಣದ ಕಕಾರದ ಆಕಾರಕ್ಕೂ ಹೋಲಿಕೆ ಅತ್ಯಲ್ಪ. ಆದರೂ ವರ್ಣ ಅದೇ. ಗಣಕಯಂತ್ರವು ಯಾವ ಭಾಷೆಯ ಅಕ್ಷರವನ್ನೂ ಅಕ್ಷರವಾಗಿ ಅರಿಯಲಾರದು. ಅದಕ್ಕೆ ತಿಳಿಯುವುದು ಸಂಖ್ಯೆ ಮಾತ್ರ. ಆದುದರಿಂದ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಿ ಅದನ್ನೇ ಕೂಡಿಡಬೇಕು. ಹಾಗೆ ಗೊತ್ತುಮಾಡುವಾಗ ಸಂಖ್ಯೆಯನ್ನು ವರ್ಣಕ್ಕೆ ಕೊಡಬೇಕೇ, ಆಕಾರದ ತುಂಡಿಗೆ ಕೊಡಬೇಕೇ ಎಂಬುದೇ ಪ್ರಶ್ನೆ. ನಮ್ಮ ಮೊದಲ ಕನ್ನಡ ತಂತ್ರಾಂಶಗಳಲ್ಲಿ ಬಹುಪಾಲು ಎರಡನೆಯ ದಾರಿಯನ್ನು ಹಿಡಿದವು.

ಅವುಗಳಿಗೆ ಬೇರೆ ದಾರಿ ಸುಲಭವಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಅಮೆರಿಕದಲ್ಲಿ ೧೯೬೩ರಲ್ಲಿ ರೂಪುಗೊಂಡ ಆಸ್ಕಿ ಎಂಬ ಸಂಕೇತಮಾಲೆಯಲ್ಲಿ ಇದ್ದದ್ದು ೧೨೮ ಸ್ಥಾನಗಳು. ಅದನ್ನು ಹಿಗ್ಗಿಸಿದರೂ ೨೫೬. ಆ ಸ್ಥಾನಗಳೆಲ್ಲ ಇಂಗ್ಲಿಷಿಗೂ ಯೂರೋಪಿನ ಇತರ ಭಾಷೆಗಳ ಚಿಹ್ನೆಗಳಿಗೂ ಮುಡಿಪಾಗಿದ್ದವು. ಕನ್ನಡಿಗರು ಮಾಡಿದ ಉಪಾಯವೆಂದರೆ, ಆ ಸ್ಥಾನಗಳ ಸಂಖ್ಯೆಯನ್ನು ಹಾಗೆಯೇ ಬಿಟ್ಟು, ತೋರುವ ಆಕಾರವನ್ನು ಮಾತ್ರ ಬದಲಾಯಿಸಿದ್ದು. ಹೊರಗೆ ಕನ್ನಡದ ವೇಷ. ಒಳಗೆ ಇಂಗ್ಲಿಷಿನ ಸಂಖ್ಯೆ. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ 'ಕನ್ನಡ' ಎಂದು ಬರೆದು ಆ ವೇಷವನ್ನು ಕಳಚಿ ನೋಡಿದರೆ ಏಳು ಚಿಹ್ನೆಗಳು ಕಾಣುತ್ತವೆ. ಮೊದಲು ಇಂಗ್ಲಿಷಿನ ಪಿ, ಅದರ ಬೆನ್ನಿಗೆ ತಲೆಯ ಮೇಲೆ ಓರೆಗೀಟುಳ್ಳ ಎ, ಮೂರನೆಯದು ಇಂಗ್ಲೆಂಡಿನ ಪೌಂಡ್ ನಾಣ್ಯದ ಗುರುತು, ಮತ್ತೆ ಗೀಟುಳ್ಳ ಎ, ನಕಾರದ ಒತ್ತಿಗೆ ಜರ್ಮನ್ ಭಾಷೆಯದೊಂದು ಸಕಾರ, ಆಮೇಲೆ ಕ್ಯೂ, ಕೊನೆಗೆ ಪುನಃ ಗೀಟುಳ್ಳ ಎ. ಇನ್ನೂ ವಿಚಿತ್ರವಾದುದು ಯಕಾರದ ಸ್ಥಿತಿ. ಆ ಒಂದಕ್ಷರಕ್ಕೆ ನಾಲ್ಕು ತುಂಡುಗಳು. ಅದರ ಮೊದಲಿನ ಸುತ್ತನ್ನು ತೋರಿಸಲು ಬಳಸಿರುವುದು ಅನುಸ್ವಾರದ ಸೊನ್ನೆಯನ್ನೇ. ಬರಹದಲ್ಲಿರುವ ಬಿಂದುಗಳನ್ನೆಲ್ಲ ಹುಡುಕೆಂದು ಯಂತ್ರಕ್ಕೆ ಹೇಳಿದರೆ ಅದು ಯಕಾರಗಳನ್ನೂ ಹಿಡಿದು ತಂದೀತು! ಆಕಾರದ ತುಂಡುಗಳನ್ನು ಜೋಡಿಸಿ ಕಣ್ಣಿಗೆ ಯಕಾರವನ್ನು ತೋರಿಸುವುದು ಚಿತ್ರಕಾರನ ಜಾಣ್ಮೆ, ಅದನ್ನು ಅಕ್ಷರವಿದ್ಯೆಯೆನ್ನಲಾಗದು.

ಈ ಟೀಕೆಯಿಂದ ಆ ತಂತ್ರಾಂಶಗಳನ್ನು ರೂಪಿಸಿದವರ ಶ್ರಮವನ್ನು ಅಲ್ಲಗಳೆದಂತಾಗಬಾರದು. ಕನ್ನಡ ಬೆರಳಚ್ಚು ಯಂತ್ರದ ಕೀಲಿಮಣೆಯನ್ನು ರೂಪಿಸಿದ ಅನಂತ ಸುಬ್ಬರಾಯರು, ನೂರಾರು ಅಚ್ಚುಮೊಳೆಗಳನ್ನು ಬೇಡುವ ಕನ್ನಡ ಲಿಪಿಯನ್ನು ಕೆಲವೇ ಕೀಲಿಗಳ ಮೇಲೆ ಕೂರಿಸಿದುದು ಸಾಮಾನ್ಯ ಸಾಧನೆಯಲ್ಲ. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಕನ್ನಡದ ವರ್ಣಗಳ ಸ್ವಭಾವವನ್ನು ಅರಿತು, ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿಯೇ ಕನ್ನಡವೆಲ್ಲವೂ ಅಡಗುವ ವಿನ್ಯಾಸವನ್ನು ಮಾಡಿದರು. ತಮ್ಮ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟರು. ವೈಯಾಕರಣನೊಬ್ಬನಿಗೆ ಯಂತ್ರಲೋಕದಲ್ಲಿ ಸಂದ ಇಂಥ ಗೌರವ ಅಪೂರ್ವ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ೨೦೧೩ರಲ್ಲಿ ನಾಡೋಜ ಪದವಿಯನ್ನಿತ್ತಿತು. ಶೇಷಾದ್ರಿವಾಸು ಚಂದ್ರಶೇಖರನ್ ಅವರು ೧೯೯೮ರಲ್ಲಿ ಹೊರತಂದ ಬರಹ ತಂತ್ರಾಂಶ ಮನೆಮನೆಯ ಗಣಕದಲ್ಲಿ ಕನ್ನಡವನ್ನು ಮೂಡಿಸಿತು. ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳಲ್ಲಿ ಕನ್ನಡಕ್ಕೆ ಪೀಠವನ್ನು ಹಾಕಿಕೊಟ್ಟಿತು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದಲ್ಲಿದ್ದುಕೊಂಡೇ, ೨೦೦೭ರಲ್ಲಿ ತೀರಿಕೊಳ್ಳುವವರೆಗೂ, ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ಭಾಷೆಯ ಅಳಿವು ಉಳಿವಿನ ಪ್ರಶ್ನೆಯೆಂದೇ ಭಾವಿಸಿ ವಾದಿಸಿದರು. ಮಾರುಕಟ್ಟೆಯಲ್ಲಿ ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮೊದಲಾದವು ಇದ್ದವು. ಒಂದರಲ್ಲಿ ಬರೆದುದು ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ. ನುಡಿ ಮತ್ತು ಬರಹಗಳು ಒಂದೇ ಆಕಾರಸಂಕೇತವನ್ನು ಒಪ್ಪಿಕೊಂಡುದರಿಂದ ಆ ಕ್ಲೇಶ ಕೊಂಚ ಕಡಿಮೆಯಾಯಿತು. ಇವರೆಲ್ಲರೂ ತಮ್ಮ ಕಾಲಕ್ಕೆ ದೊರೆತ ಸಾಧನದಲ್ಲಿ ಕನ್ನಡದ ಕೆಲಸವನ್ನು ನಡೆಸಿದವರು. ಆದರೆ ಊರುಗೋಲನ್ನು ಕಾಲು ಬಲಿತ ಮೇಲೂ ಹಿಡಿದುಕೊಂಡೇ ನಡೆಯಬೇಕೆಂಬ ನಿಯಮವಿಲ್ಲ.

ಸಂಖ್ಯೆಯನ್ನು ವರ್ಣಕ್ಕೇ ಕೊಡುವ ದಾರಿಯ ಹೆಸರು ಯೂನಿಕೋಡ್. ಇದಕ್ಕೆ ಪೂರ್ವಭಾವಿಯಾಗಿ ಭಾರತದಲ್ಲಿಯೇ ಇಸ್ಕಿ ಎಂಬ ಸಂಕೇತಮಾಲೆ ೧೯೮೮ರಲ್ಲಿ ಸಿದ್ಧವಾಗಿ, ೧೯೯೧ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದೇ ತಳಹದಿಯ ಮೇಲೆ, ೧೯೯೧ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ಪ್ರತ್ಯೇಕ ಕೇರಿ ದೊರೆಯಿತು. ನಮ್ಮ ಎಣಿಕೆಯಲ್ಲಿ ಹೇಳುವುದಾದರೆ ೩೨೦೦ರಿಂದ ೩೩೨೭ರವರೆಗಿನ ಸಂಖ್ಯೆಗಳು ಕನ್ನಡದವು. ಅಕಾರಕ್ಕೆ ೩೨೦೫, ಕಕಾರಕ್ಕೆ ೩೨೨೧, ಖಕಾರಕ್ಕೆ ೩೨೨೨. ಜಗತ್ತಿನ ಯಾವ ಮೂಲೆಯ ಯಾವ ಯಂತ್ರದಲ್ಲಾದರೂ ೩೨೨೧ ಎಂದರೆ ಕನ್ನಡದ ಕಕಾರವೇ ಹೊರತು ಇನ್ನೊಂದಲ್ಲ. ಒತ್ತಕ್ಷರಗಳಿಗೆ ಬೇರೆ ಸಂಖ್ಯೆಗಳಿಲ್ಲ. ಕಕಾರ, ಅದರ ಮುಂದೆ ಸ್ವರವನ್ನು ಕಳೆಯುವ ಹಲಂತಚಿಹ್ನೆ, ಅದರ ಮುಂದೆ ಷಕಾರ, ಹೀಗೆ ೩೨೨೧, ೩೨೭೭, ೩೨೫೫ ಎಂದು ಕೂಡಿಟ್ಟರೆ ಕ್ಷ ಆಯಿತು. ಇದನ್ನು ನೋಡಿದಾಗ ಪಾಠಶಾಲೆಯಲ್ಲಿ ಸಂಯುಕ್ತಾಕ್ಷರವನ್ನು ಬಿಡಿಸಿ ಬರೆಯುವ ಅಭ್ಯಾಸ ನೆನಪಾಗದಿರದು. 'ಕನ್ನಡ' ಎಂಬುದಕ್ಕೆ ಇಲ್ಲಿ ಐದೇ ಸಂಖ್ಯೆಗಳು: ಕ, ನ, ಹಲಂತ, ನ, ಡ. ಅದನ್ನು ದುಂಡಗೆ ಬರೆದು ತೋರಿಸುವುದೋ ಉದ್ದಗೆ ತೋರಿಸುವುದೋ ಅಕ್ಷರಶೈಲಿಗೆ ಬಿಟ್ಟ ವಿಚಾರ. ಶೈಲಿ ಹಳತಾಗಿ ಮರೆಯಾದರೂ ವರ್ಣ ಉಳಿಯುತ್ತದೆ.

ಅರ್ಕಾವತ್ತಿನ ವಿಷಯವನ್ನು ನೋಡಿದರೆ ಈ ಎರಡು ದಾರಿಗಳ ಅಂತರ ಸ್ಪಷ್ಟವಾಗುತ್ತದೆ. 'ಧರ್ಮ' ಎಂಬಲ್ಲಿ ರೇಫವನ್ನು ಮೊದಲು ಉಚ್ಚರಿಸಿ ಮಕಾರವನ್ನು ಅನಂತರ ಉಚ್ಚರಿಸುತ್ತೇವೆ. ಬರೆಯುವಾಗ ಮಾತ್ರ ರೇಫದ ಚಿಹ್ನೆ ಮಕಾರದ ಹಿಂದೆ ಬೀಳುತ್ತದೆ. ಹಳೆಯ ಅಕ್ಷರಶೈಲಿಗಳು ಕಣ್ಣಿಗೆ ಕಂಡಂತೆ ಮಕಾರವನ್ನು ಮೊದಲು, ರೇಫವನ್ನು ಆಮೇಲೆ ಕೂಡಿಟ್ಟವು. ಯೂನಿಕೋಡು ಉಚ್ಚಾರಣೆಯ ಕ್ರಮವನ್ನೇ ಹಿಡಿಯಿತು. ಹೀಗಾಗಿ ಹಳೆಯ ಶೈಲಿಯಲ್ಲಿ ಬರೆದ ಪದಗಳನ್ನು ಅಕಾರಾದಿಯಾಗಿ ಜೋಡಿಸಲು ಹೊರಟರೆ 'ಧರ್ಮ' ತನ್ನ ಸ್ಥಾನಕ್ಕೆ ಬರುವುದಿಲ್ಲ; 'ಸೂರ್ಯ' ಎಲ್ಲಿಯೋ ಹೋಗಿ ಕೂರುತ್ತದೆ. ಯೂನಿಕೋಡಿನಲ್ಲಿ ಬರೆದ ಪದಪಟ್ಟಿಯನ್ನು ಕ್ಷಣಮಾತ್ರದಲ್ಲಿ ನಿಘಂಟಿನ ಕ್ರಮಕ್ಕೆ ತರಬಹುದು.

ಯೂನಿಕೋಡಿನಲ್ಲಿ ದೋಷವೇ ಇಲ್ಲವೆಂದಲ್ಲ. ಹಳಗನ್ನಡವನ್ನು ಓದಿದವರಿಗೆ ನಗೆ ತರುವ ಒಂದು ಸಂಗತಿ ಅದರಲ್ಲಿದೆ. ಹಳಗನ್ನಡದ ೞಕಾರಕ್ಕೆ ೩೨೯೪ನೆಯ ಸ್ಥಾನ ದೊರೆತಿದೆ. ಆದರೆ ಅದರ ಹೆಸರನ್ನು ಬರೆದವರು ಅದನ್ನು ಇಂಗ್ಲಿಷಿನ ಎಫ್ ಧ್ವನಿಯ ಕನ್ನಡ ಅಕ್ಷರವೆಂದು ಭ್ರಮಿಸಿ 'ಫ' ಎಂದು ಹೆಸರಿಟ್ಟುಬಿಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಸಂಸ್ಥೆಯ ಕಟ್ಟಳೆಯಾದುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಬೇಕಾಯಿತು. ರಳ, ಕುಳ, ಕ್ಷಳಗಳನ್ನು ಅಷ್ಟು ಎಚ್ಚರದಿಂದ ವಿಂಗಡಿಸಿದ ಕೇಶಿರಾಜನ ನಾಡಿನಿಂದ ಆ ಹೊತ್ತಿನಲ್ಲಿ ಒಬ್ಬ ಪಂಡಿತನನ್ನಾದರೂ ಕೇಳಿದ್ದರೆ ಈ ಅವಾಂತರ ತಪ್ಪುತ್ತಿತ್ತು. ಹೆಸರು ಏನೇ ಇರಲಿ, ಅಕ್ಷರಕ್ಕೆ ಸ್ಥಾನವಿದೆ. ಪಂಪನ ಕಾವ್ಯವನ್ನು ಅಂದಿನ ಅಕ್ಷರಗಳಲ್ಲಿಯೇ ಅಚ್ಚು ಮಾಡಲು ಅಷ್ಟು ಸಾಕು.

ಇದೆಲ್ಲ ವಿದ್ವಾಂಸರ ಗೊಡವೆ, ಶಾಲೆಗೆ ಇದರಿಂದೇನು ಎಂದು ಕೇಳುವವರಿರಬಹುದು. ಮಠದ ಆಶ್ರಯದಲ್ಲಿ ನಡೆಯುವ ಒಂದು ಶಾಲೆಯ ಕಚೇರಿಯನ್ನು ಕಣ್ಣಮುಂದೆ ತಂದುಕೊಳ್ಳಬಹುದು. ಅಲ್ಲಿ ದಶಕಗಳ ದಾಖಲಾತಿ ಪುಸ್ತಕಗಳಿವೆ, ಪ್ರಸಾದನಿಲಯದಲ್ಲಿ ಉಂಡು ಓದಿದ ಮಕ್ಕಳ ಹೆಸರು, ತಂದೆಯ ಹೆಸರು, ಊರು ಇವೆ, ದಾನಿಗಳ ಪಟ್ಟಿಯಿದೆ, ವಾರ್ಷಿಕ ಸಂಚಿಕೆಗಳಿವೆ, ಅವುಗಳಲ್ಲಿ ಈಗ ಕಾಲವಾಗಿರುವ ಅಧ್ಯಾಪಕರ ಲೇಖನಗಳಿವೆ. ಕಟ್ಟಾಯ, ಗೊರೂರು, ಅರಕಲಗೂಡು, ಹೊಳೆನರಸೀಪುರದ ಕಡೆಯ ಹಳ್ಳಿಗಳಿಂದ ಬಂದು ಓದಿದವನೊಬ್ಬ ನಲವತ್ತು ವರ್ಷಗಳ ಮೇಲೆ ತನ್ನ ವರ್ಗಾವಣೆ ಪತ್ರದ ನಕಲನ್ನು ಬೇಡಿ ಬರುತ್ತಾನೆ. ಕಾಗದದ ಪುಸ್ತಕವಿದ್ದರೆ ಗುಮಾಸ್ತರು ಹಾಳೆ ತಿರುವಿ ಹುಡುಕಿಕೊಡುತ್ತಾರೆ. ಗಣಕಕ್ಕೆ ಏರಿಸಿದ ಮೇಲೆ ಹುಡುಕಾಟ ಇನ್ನೂ ಸುಲಭವಾಗಬೇಕಷ್ಟೆ? ಹಳೆಯ ಅಕ್ಷರಶೈಲಿಯಲ್ಲಿ ಏರಿಸಿದ್ದರೆ, ಆ ಶೈಲಿ ಇಲ್ಲದ ಯಂತ್ರದಲ್ಲಿ ಹೆಸರು ಕಾಣುವುದೇ ಇಲ್ಲ. ಕಂಡರೂ ಊರಿನ ಹೆಸರಿನಿಂದ ಆರಿಸಿ ತೆಗೆಯಲು, ಅಕಾರಾದಿಯಾಗಿ ಜೋಡಿಸಲು ಬರುವುದಿಲ್ಲ. ಗಣಕಯಂತ್ರವನ್ನು ಕೊಂಡೂ ಅದನ್ನು ದುಬಾರಿ ಬೆಲೆಯ ಬೆರಳಚ್ಚು ಯಂತ್ರವನ್ನಾಗಿ ಬಳಸಿದಂತಾಯಿತು.

ವರ್ಣವನ್ನು ವರ್ಣವಾಗಿ ಕೂಡಿಟ್ಟರೆ ಏನು ಫಲವೆಂಬುದಕ್ಕೆ ವಚನ ಸಾಹಿತ್ಯದಲ್ಲಿಯೇ ಉತ್ತಮ ನಿದರ್ಶನ ದೊರೆಯುತ್ತದೆ. ಫ. ಗು. ಹಳಕಟ್ಟಿಯವರು ಮಠಗಳಲ್ಲಿಯೂ ಮನೆಗಳಲ್ಲಿಯೂ ಪೂಜೆಗೊಳ್ಳುತ್ತಿದ್ದ ಓಲೆಗರಿಯ ಕಟ್ಟುಗಳನ್ನು ಅರಸಿ ಅಲೆದು ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ೧೯೨೫ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ಮರುವರ್ಷ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಅಚ್ಚಿನ ಮೊಳೆಗೆ ಏರಿದ್ದರಿಂದ ವಚನಗಳು ಕಟ್ಟಿಟ್ಟ ಗಂಟಿನಿಂದ ಬಿಡುಗಡೆ ಪಡೆದವು. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ೧೯೯೩ರಲ್ಲಿ ಸಮಗ್ರ ವಚನ ಸಂಪುಟಗಳು ಹದಿನೈದು ಹೊತ್ತಗೆಗಳಾಗಿ ಬಂದವು. ಮೂರನೆಯ ಹೆಜ್ಜೆ ಈ ಶತಮಾನದ್ದು. ಕೆಲವು ಮಂದಿ ಸಾಹಿತ್ಯಾಸಕ್ತರೂ ತಂತ್ರಜ್ಞರೂ ಸೇರಿ ವಚನಗಳನ್ನು ಯೂನಿಕೋಡಿಗೆ ತಂದು 'ವಚನ ಸಂಚಯ' ಎಂಬ ಅಂತರಜಾಲ ತಾಣವನ್ನು ರೂಪಿಸಿದರು. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು ಅಲ್ಲಿವೆ. 'ಕಾಯಕ' ಎಂಬ ಪದವನ್ನು ಯಾವ ಯಾವ ಶರಣರು ಎಲ್ಲೆಲ್ಲಿ ಬಳಸಿದ್ದಾರೆಂದು ತಿಳಿಯಬೇಕಾದರೆ, ಹಿಂದೆ ವಿದ್ವಾಂಸನೊಬ್ಬ ಚೀಟಿಗಳನ್ನು ಬರೆದುಕೊಂಡು ವರ್ಷಗಟ್ಟಲೆ ಕೂರಬೇಕಾಗಿತ್ತು. ಈಗ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಆ ಪದವನ್ನು ಬರೆದು ಹುಡುಕಿದರೆ ಸಾಕು, ಸಾಲುಸಾಲಾಗಿ ವಚನಗಳು ಮುಂದೆ ಬಂದು ನಿಲ್ಲುತ್ತವೆ. ಅಲ್ಲಿಂದ ಮುಂದೆ ಅವುಗಳ ಅರ್ಥವನ್ನು ತಿಳಿಸುವ ಹೊಣೆ ಅಧ್ಯಾಪಕರದು. ಯಂತ್ರ ಆ ಕೆಲಸಕ್ಕೆ ಬರುವುದಿಲ್ಲ.

ಹೀಗಿದ್ದರೂ ಹಳೆಯ ಅಕ್ಷರಶೈಲಿಗಳು ಇನ್ನೂ ಏಕೆ ಉಳಿದಿವೆ ಎಂದರೆ, ಮುಖ್ಯವಾಗಿ ಮುದ್ರಣಾಲಯಗಳ ಕಾರಣದಿಂದ. ನಮ್ಮ ಜಿಲ್ಲಾ ಕೇಂದ್ರಗಳ ಅಕ್ಷರ ಜೋಡಣೆಯ ಅಂಗಡಿಗಳಲ್ಲಿ ಬಹುಕಾಲ ಪೇಜ್‌ಮೇಕರ್ ಎಂಬ ತಂತ್ರಾಂಶವೇ ರೂಢಿಯಲ್ಲಿತ್ತು. ೧೯೮೫ರಲ್ಲಿ ಹುಟ್ಟಿದ ಅದರ ಕೊನೆಯ ಪ್ರಧಾನ ಆವೃತ್ತಿ ೨೦೦೧ರದು. ಯೂನಿಕೋಡ್ ಕನ್ನಡವನ್ನು ಅದು ಅರಿಯದು. 'ನುಡಿಯಲ್ಲಿ ಮಾಡಿಕೊಂಡು ಬನ್ನಿ, ಇಲ್ಲದಿದ್ದರೆ ಪುಟ ಕೂರುವುದಿಲ್ಲ' ಎಂದು ಅಂಗಡಿಯವರು ಹೇಳುವುದು ಇದರಿಂದಲೇ. ಅವರ ಕಷ್ಟವೂ ನಿಜವಾದುದೇ. ಹೊಸ ತಂತ್ರಾಂಶಕ್ಕೆ ಹಣ ಬೇಕು, ಕಲಿಯಲು ವ್ಯವಧಾನ ಬೇಕು. ಆದರೆ ಇಂದಿನ ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡವನ್ನು ಜೋಡಿಸಬಹುದು. ಹಣವಿಲ್ಲದೆ ದೊರೆಯುವ ಲಿಬ್ರೆ ಆಫೀಸ್‌ನಲ್ಲಿಯೂ ಶಾಲೆಯ ಮಟ್ಟದ ಪುಸ್ತಕವನ್ನು ಅಂದವಾಗಿ ಸಿದ್ಧಪಡಿಸಬಹುದು. ಮುದ್ರಕನ ಅನುಕೂಲಕ್ಕಾಗಿ ಒಂದು ಪ್ರತಿಯನ್ನು ಹಳೆಯ ಶೈಲಿಗೆ ಪರಿವರ್ತಿಸಿ ಕೊಡಬೇಕಾಗಿ ಬಂದರೂ, ಶಾಲೆಯಲ್ಲಿ ಉಳಿಯುವ ಮೂಲ ಯೂನಿಕೋಡಿನದೇ ಆಗಿರಬೇಕು. ಮದುವೆಮನೆಗೆ ಬಾಡಿಗೆಯ ಪಾತ್ರೆ ತಂದರೆ ತಪ್ಪೇನಿಲ್ಲ. ಮನೆಯ ಪಾತ್ರೆಯನ್ನು ಮಾರಿ ಬಾಡಿಗೆಯದನ್ನು ತರುವುದು ಸಲ್ಲದು.

ಮಕ್ಕಳಿಗೆ ಯಾವ ಕೀಲಿಮಣೆಯನ್ನು ಕಲಿಸಬೇಕೆಂಬುದು ಇದಕ್ಕಿಂತ ಕಠಿನವಾದ ಪ್ರಶ್ನೆ. ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಭಾರತದ ಎಲ್ಲ ಲಿಪಿಗಳಿಗೂ ಒಂದೇ ಕ್ರಮ. ಶಾಸ್ತ್ರದೃಷ್ಟಿಯಿಂದ ಇದು ಸುಂದರವಾದರೂ ಕಲಿಯಲು ತಾಳ್ಮೆ ಬೇಕು. ಎರಡನೆಯದು ಇಂಗ್ಲಿಷ್ ಕಾಗುಣಿತದಿಂದ ಕನ್ನಡವನ್ನು ಮೂಡಿಸುವ ಕ್ರಮ. ಇದು ದೊಡ್ಡವರಿಗೆ ಅನುಕೂಲ. ಆದರೆ ಕನ್ನಡವನ್ನು ಆಗತಾನೆ ಕಲಿಯುತ್ತಿರುವ ಮಗುವಿಗೆ ಇದನ್ನು ಕಲಿಸುವುದು ಅನುಚಿತ. 'ಕ' ಎಂಬ ಒಂದಕ್ಷರವನ್ನು ಕೆ ಮತ್ತು ಎ ಎಂದು ಎರಡು ಇಂಗ್ಲಿಷ್ ಅಕ್ಷರಗಳಾಗಿ ಒಡೆದು ಯೋಚಿಸುವ ಮಗುವಿಗೆ, ವ್ಯಂಜನದಲ್ಲಿ ಅಕಾರ ಅಂತರ್ಗತವಾಗಿದೆಯೆಂಬ ಮೂಲಪಾಠವೇ ಮಸಕಾಗುತ್ತದೆ. ಮೂರನೆಯದು ಕೆ. ಪಿ. ರಾವ್ ಅವರ ವಿನ್ಯಾಸ. ಕರ್ನಾಟಕ ಸರ್ಕಾರ ಒಪ್ಪಿಕೊಂಡಿರುವುದೂ ಇದನ್ನೇ. ಇದರಲ್ಲಿ ಒಂದು ಕೀಲಿಯನ್ನು ಒತ್ತಿದರೆ ಅಕಾರಸಹಿತವಾದ 'ಕ' ಬರುತ್ತದೆ; ಅದನ್ನೇ ಶಿಫ್ಟ್ ಕೀಲಿಯೊಡನೆ ಒತ್ತಿದರೆ ಮಹಾಪ್ರಾಣವಾದ 'ಖ'; ಮುಂದೆ ಸ್ವರದ ಕೀಲಿಯನ್ನು ಒತ್ತಿದರೆ ಕಾಗುಣಿತ; ಎಫ್ ಕೀಲಿಯನ್ನು ಒತ್ತಿದರೆ ಅಕಾರ ಕಳೆದು ಒತ್ತಕ್ಷರಕ್ಕೆ ಎಡೆಯಾಗುತ್ತದೆ. ಬೆರಳಿನ ಕ್ರಮವೂ ವರ್ಣಮಾಲೆಯ ಕ್ರಮವೂ ಒಂದಕ್ಕೊಂದು ಹೊಂದಿಕೊಂಡಿವೆ. ಕನ್ನಡ ಶಾಲೆಗೆ ಇದೇ ತಕ್ಕುದು. ಈಗ ಮಾತನಾಡಿದುದನ್ನೇ ಬರೆದುಕೊಳ್ಳುವ ಸೌಕರ್ಯ ಕೈಫೋನುಗಳಲ್ಲಿ ಬಂದಿದೆ. ಹಿರಿಯ ದಾನಿಗಳಿಗೆ ಅದು ವರವೇ ಸರಿ. ಅಲ್ಪಪ್ರಾಣ ಮಹಾಪ್ರಾಣಗಳನ್ನು ಇನ್ನೂ ತಿದ್ದಿಕೊಳ್ಳುತ್ತಿರುವ ಮಕ್ಕಳ ಕೈಗೆ ಅದನ್ನು ಅವಸರದಲ್ಲಿ ಕೊಡಬೇಕಾದುದಿಲ್ಲ.

ಇನ್ನು ಯಂತ್ರದ ವಿಚಾರ. ಮೇಲೆ ಹೇಳಿದ ಯಾವ ಕೆಲಸಕ್ಕೂ ಹೆಚ್ಚು ಬೆಲೆಯ ಯಂತ್ರ ಬೇಕಾಗಿಲ್ಲ. ಪಟ್ಟಣದ ಕಚೇರಿಗಳಲ್ಲಿ ನಾಲ್ಕೈದು ವರ್ಷ ದುಡಿದ ಯಂತ್ರಗಳನ್ನು ಶಾಲೆಗಳಿಗೆ ಕೊಡುವ ಪರಿಪಾಠವಿದೆ, ಅವುಗಳನ್ನು ತಿರಸ್ಕರಿಸಬೇಕಾಗಿಲ್ಲ. ತಿರುಗುವ ಹಾರ್ಡ್‌ಡಿಸ್ಕನ್ನು ತೆಗೆದು ಎಸ್‌ಎಸ್‌ಡಿಯನ್ನು ಹಾಕಿಸಿದರೆ ಮುದಿ ಯಂತ್ರವೂ ಚುರುಕಾಗುತ್ತದೆ. ಆದರೆ ಒಂದು ಎಚ್ಚರಿಕೆ ಅವಶ್ಯ. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಕಂಪನಿ ೨೦೨೫ರ ಅಕ್ಟೋಬರ್ ೧೪ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ ೧೧ ಅನೇಕ ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಹೀಗೆ ನಡುನೀರಿನಲ್ಲಿ ನಿಂತ ಯಂತ್ರಗಳಿಗೆ ಲಿನಕ್ಸ್ ಒಂದು ಒಳ್ಳೆಯ ಆಸರೆ. ಅದಕ್ಕೆ ಬೆಲೆಯಿಲ್ಲ, ಯೂನಿಕೋಡ್ ಕನ್ನಡ ಅದರಲ್ಲಿ ಸೊಗಸಾಗಿ ಮೂಡುತ್ತದೆ. ಹಳ್ಳಿಯ ಶಾಲೆಗೆ ಇದು ಹಿಡಿಸೀತೇ ಎಂಬ ಅನುಮಾನ ಬೇಡ. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಬಹುಕಾಲದಿಂದ ಲಿನಕ್ಸನ್ನೇ ಬಳಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅದೇ ವ್ಯವಸ್ಥೆಗೆ ಸೇರಿದವರು.

ವಿದ್ಯುತ್ತು ಆಗಾಗ್ಗೆ ಕೈಕೊಡುವ ಹೋಬಳಿಯ ಊರುಗಳಲ್ಲಿ ಮೇಜಿನ ಯಂತ್ರವನ್ನು ಕೊಡುವ ದಾನಿಗಳು ಯುಪಿಎಸ್ಸನ್ನೂ ಅದರ ಬ್ಯಾಟರಿ ಬದಲಿಸುವ ಖರ್ಚನ್ನೂ ಸೇರಿಸಿ ಯೋಚಿಸಬೇಕು. ಮುದ್ರಣಯಂತ್ರಗಳಲ್ಲಿ ಶಾಯಿಯದಕ್ಕಿಂತ ಲೇಸರ್ ಪ್ರಿಂಟರ್ ಮೇಲು. ಬೇಸಗೆಯ ರಜೆಯಲ್ಲಿ ಎರಡು ತಿಂಗಳು ಬೀಗ ಹಾಕಿದ ಕೋಣೆಯಲ್ಲಿ ಶಾಯಿ ಒಣಗಿ ಬಾಯಿ ಕಟ್ಟಿಕೊಳ್ಳುತ್ತದೆ.

ಕಡೆಯದಾಗಿ, ಈಗಾಗಲೇ ಹಳೆಯ ಶೈಲಿಯಲ್ಲಿ ಸಿಕ್ಕಿಕೊಂಡಿರುವ ಬರಹಗಳ ಗತಿ. ಅವು ಪೂರ್ತಿ ಕೆಟ್ಟುಹೋಗಿಲ್ಲ. ಯೂನಿಕೋಡಿಗೆ ಪರಿವರ್ತಿಸುವ ಉಪಕರಣಗಳು ಹಣವಿಲ್ಲದೆಯೇ ದೊರೆಯುತ್ತವೆ. ಆದರೆ ಪರಿವರ್ತನೆಯಲ್ಲಿ ಅರ್ಕಾವತ್ತು ಸ್ಥಾನ ತಪ್ಪುವುದು, ಒತ್ತು ಕಳಚುವುದು, ಇಂಗ್ಲಿಷ್ ಹೆಸರುಗಳು ಕನ್ನಡವೆಂದು ತಿರುಗಿ ಹುರುಳಿಲ್ಲದ ಅಕ್ಷರಗಳಾಗುವುದು ಉಂಟು. ಕನ್ನಡ ಬಲ್ಲವರೊಬ್ಬರು ಕುಳಿತು ಮೂಲದೊಡನೆ ಸರಿನೋಡಲೇಬೇಕು. ಅಚ್ಚಿನ ಪ್ರತಿ ಮಾತ್ರ ಉಳಿದಿರುವ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿಸಿದರೆ, ಚಿತ್ರದಿಂದ ಅಕ್ಷರವನ್ನು ಓದಿ ತೆಗೆಯುವ ತಂತ್ರಾಂಶಗಳು ಈಗ ಕನ್ನಡಕ್ಕೂ ಇವೆ. ಅಲ್ಲಿಯೂ ತಿದ್ದುವ ಕೆಲಸ ತಪ್ಪದು. ಹಿಂದೆ ಮಠಗಳಲ್ಲಿ ಓಲೆಗರಿ ಶಿಥಿಲವಾಗುವ ಮುನ್ನ ಹೊಸ ಗರಿಗೆ ಪ್ರತಿಮಾಡುತ್ತಿದ್ದ ಲಿಪಿಕಾರರು ಮಾಡುತ್ತಿದ್ದುದು ಇದೇ ಕೆಲಸ. ಫ್ಲಾಪಿ ಹೋಯಿತು, ಸಿ.ಡಿ. ಹೋಗುತ್ತಿದೆ, ಪೆನ್‌ಡ್ರೈವು ಎಷ್ಟು ದಿನವೋ. ಇವುಗಳಿಗೆ ಓಲೆಗರಿಯಷ್ಟು ಆಯುಸ್ಸಿಲ್ಲ. ಐದಾರು ವರ್ಷಕ್ಕೊಮ್ಮೆ ಹೊಸ ಸಾಧನಕ್ಕೆ ಪ್ರತಿಮಾಡುವ ಹೊಣೆಯನ್ನು ಯಾರಾದರೊಬ್ಬ ಅಧ್ಯಾಪಕರಿಗೆ ಹೆಸರಿಟ್ಟು ವಹಿಸದಿದ್ದರೆ ಅದು ನಡೆಯುವುದಿಲ್ಲ.

ಮುದ್ರಣಾಲಯಕ್ಕೆ ಹಣ ಸಂದಾಯ ಮಾಡುವಾಗ ಅಚ್ಚಾದ ಪುಸ್ತಕಗಳ ಕಟ್ಟಿನೊಡನೆ ಪಠ್ಯವನ್ನೂ ಯೂನಿಕೋಡ್ ರೂಪದಲ್ಲಿ ಕೇಳಿ ಪಡೆಯುವುದನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಬಹುದು. ಅದರ ಒಂದು ಪ್ರತಿ ಶಾಲೆಯ ಕಚೇರಿಯಲ್ಲಿ, ಒಂದು ಶ್ರೀಮಠದ ಗ್ರಂಥಭಂಡಾರದಲ್ಲಿ, ಮತ್ತೊಂದು ದೂರದ ಊರಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರ ಬಳಿ ಇರಲಿ. ಯಂತ್ರವನ್ನು ಕೊಡಲಾಗದ ದಾನಿಗಳು ಈ ಮೂರನೆಯ ಪ್ರತಿಯನ್ನು ಕಾಯ್ದುಕೊಡುವ ಭಾರವನ್ನಾದರೂ ವಹಿಸಿಕೊಳ್ಳಬಹುದು. ಅದಕ್ಕೆ ತಗಲುವ ವೆಚ್ಚ ಒಂದು ಪೆನ್‌ಡ್ರೈವಿನದು.